ಮೊಲದ ದನಿಗೆ ಬಂದದ್ದು

ಇನ್ನಿಸ್ ಗೆಡ್ಡೆಸ್ ರೈಫಲ್ಲು ಹಿಡಿದು ಹೊರಟಿದ್ದಾನೆ ಅಂದರೆ ಟರಿಫ್ ಸೀಮೆಯ ರೈತರು ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಟೀ ಕುಡಿಯುತ್ತಿದ್ದರು. ಗುರಿಕಾರರಿಗೇನು ಬರ, ಆ ಕಡೆ ಮನೆಗೊಬ್ಬ ಸಿಗುತ್ತಾನೆ. ಆದರೆ ಎದುರಿಗಿರುವುದು ಏನು ಅಂತ ಕಣ್ಣಾರೆ ಕಾಣದೆ ಟ್ರಿಗರ್ ಮುಟ್ಟದವನು ಇವನೊಬ್ಬನೇ. ಅದಕ್ಕೇ ಪಕ್ಕದ ಹೊಲದ ವಾಟಿ ಮೆನ್ನಿ ತನ್ನ ಇನ್ನೂರು ಎಕರೆಯನ್ನೂ ಇವನಿಗೆ ಬಿಟ್ಟುಕೊಟ್ಟಿದ್ದ. ಹೆಬ್ಬಾತು ಹೊಡಿ, ನರಿ ಹೊಡಿ, ಯಾರನ್ನೂ ಕೇಳಬೇಡ ಅಂದುಬಿಟ್ಟಿದ್ದ. ವಾಟಿಗೂ ಅವನ ಹೆಂಡತಿ ಎಲ್ಸ್‌ಪೆಟ್‌ಗೂ ಮಕ್ಕಳಿಲ್ಲ. ಕುರಿ ಕಾಯುವ ನಾಯಿ ನೆಲ್ ಇದ್ದಳು, ಇನ್ನಿಸ್ ಇದ್ದ. ನಲವತ್ತು ದಾಟಿದ ಗಂಡಸು, ತನ್ನಪ್ಪ ಸತ್ತ ಮೇಲೆ ಭಾನುವಾರದ ಊಟಕ್ಕೆ ಒಂದು ವಾರವೂ ಅವರ ಮನೆ ತಪ್ಪಿಸಿದವನಲ್ಲ.

ಅದು ಜನವರಿ ಕೊನೆಯ ವಾರ. ಹೆಬ್ಬಾತುಗಳು ಸಾವಿರಗಟ್ಟಲೆ ಇಳಿದು ವಾಟಿಯ ಗೋಧಿ ಪೈರನ್ನು ಬೋಳಿಸಿ ಹಾಕಿದ್ದವು. ಅವನ್ನು ಓಡಿಸಲು ಹೊಲದ ಕೆಳಗೆ ಬಸಿಗಾಲುವೆಯ ಪಕ್ಕ ಒಂದು ಗ್ಯಾಸ್ ಗನ್ನು ಇಟ್ಟಿದ್ದರು. ಇಪ್ಪತ್ತು ನಿಮಿಷಕ್ಕೊಮ್ಮೆ ಢಮ್ ಅನ್ನುವುದು ಬಿಟ್ಟರೆ ಆ ದರಿದ್ರದ್ದಕ್ಕೆ ಬೇರೆ ಕೆಲಸವಿಲ್ಲ. ಬೇಟೆಯ ದಿನ ಮಾತ್ರ ಅದರ ಬಾಯಿ ಕಟ್ಟಬೇಕು, ಇಲ್ಲದಿದ್ದರೆ ಒಂದು ಹಕ್ಕಿಯೂ ಇಳಿಯುವುದಿಲ್ಲ.

ಬೆಳಗಿನ ಜಾವ ವಾಟಿಯೇ ಫೋನು ಮಾಡಿದ. "ಲೋ ಸೋಮಾರಿ, ಎದ್ಯಾ? ಗನ್ನು ನಿನ್ನೇನೇ ಆಫ್ ಮಾಡಿದೀನಿ. ಇವತ್ತು ಹತ್ತಾದ್ರೂ ಹೊಡೀಲಿಲ್ಲ ಅಂದ್ರೆ ನನಗೆ ಮುಖ ತೋರಿಸ್ಬೇಡ."

"ನಿಮ್ಮ ಗೊರಕೆಗೇ ಅರ್ಧ ಹಾರಿ ಹೋಗಿರ್ತವೆ ಯಜಮಾನ್ರೇ," ಅಂದ ಇನ್ನಿಸ್. "ಮಧ್ಯಾಹ್ನ ನಾನೇ ಹೋಗಿ ಗನ್ನು ಹಾಕ್ತೀನಿ ಬಿಡಿ. ಕಾಲುವೆ ದಂಡೆ ಹಿಮಗಟ್ಟಿದೆ."

"ನನಗೇನು ಕಾಲು ಬಿದ್ದು ಹೋಗಿದ್ಯಾ? ಎರಡು ಗಂಟೆಗೆ ನಾನೇ ಹೋಗ್ತೀನಿ. ಗ್ಯಾಸೂ ಬದಲಾಯಿಸ್ಬೇಕು. ನೀನು ನಿನ್ನ ಕೆಲಸ ನೋಡ್ಕೊ. ಆ ನರಿ ಕಥೆ ಇವತ್ತು ಮುಗಿಸು, ಎಲ್ಸ್‌ಪೆಟ್ ಕೋಳಿಗಳಿಗೋಸ್ಕರ ಅಳ್ತಾ ಕೂತವ್ಳೆ."

ನರಿಯ ಕಥೆ ಎಲ್ಲರಿಗೂ ಗೊತ್ತಿತ್ತು. ಹನ್ನೊಂದು ಕೋಳಿ ಒಂದೇ ರಾತ್ರಿ. ಮೂರು ವಾರ ಕಳೆದರೆ ಕುರಿಗಳು ಮರಿ ಹಾಕಲು ಶುರು, ಆಮೇಲೆ ಕೇಳುವುದೇ ಬೇಡ. ಯಾರೋ ಕೈಲಾಗದವನು ಎರಡು ಸಲ ದೀಪ ಬಿಟ್ಟು ಗುರಿ ತಪ್ಪಿಸಿ ಅದಕ್ಕೆ ಬುದ್ಧಿ ಕಲಿಸಿಬಿಟ್ಟಿದ್ದ. ಈಗ ಬೆಳಕು ಬಿದ್ದರೆ ಸಾಕು, ಮಾಯ.

ಬೆಳಗಿನ ಬೇಟೆ ಚೆನ್ನಾಗಿಯೇ ಆಯಿತು. ಪ್ಲಾಸ್ಟಿಕ್ ಹೆಬ್ಬಾತುಗಳನ್ನು ಪೈರಿನಲ್ಲಿ ನಿಲ್ಲಿಸಿ, ಬಲೆಯ ಮರೆಯಲ್ಲಿ ಮಲಗಿ, ಕೈ ಸೆಟೆದು ಹೋಗುವ ಹೊತ್ತಿಗೆ ಆಕಾಶದ ತುಂಬ ಕಲರವ. ಒಂಬತ್ತು ಬಿದ್ದವು. ಅವನ್ನು ಪಿಕಪ್ಪಿನ ಹಿಂದೆ ಹಾಕಿ ತನ್ನ ಮನೆಗೆ ಹೋಗಿ ಸೂಪು ಕುಡಿದು, ದನಗಳಿಗೆ ಮೇವು ಹಾಕಿದ. ಮೂರು ಗಂಟೆಯಾದರೂ ಢಮ್ ಅನ್ನುವ ಸದ್ದಿಲ್ಲ. 'ಮುದುಕ ಒಲೆ ಮುಂದೆ ನಿದ್ದೆ ಹೊಡೀತಿದಾನೆ, ನಾಳೆ ಸಿಗಲಿ ಮಾಡ್ತೀನಿ' ಅಂತ ತನ್ನಷ್ಟಕ್ಕೆ ನಕ್ಕ. ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ.

ನಾಲ್ಕೂ ಮುಕ್ಕಾಲಿಗೆ ಕತ್ತಲು ಇಳಿಯುತ್ತಿತ್ತು. ಇನ್ನಿಸ್ ಪಿಕಪ್ಪನ್ನು ಕೆಳಗಿನ ಹೊಲದ ಗೇಟಿನ ಹತ್ತಿರ ನಿಲ್ಲಿಸಿ ಬೇಲಿಗೆ ಒರಗಿ ಕೂತ. ಗಾಳಿಯಿಲ್ಲ, ಹುಲ್ಲು ಹಿಮಗಟ್ಟಿ ಕಾಲಡಿ ಮುರಿಯುತ್ತಿತ್ತು. ಶಾಖ ತೋರಿಸುವ ದುರ್ಬೀನನ್ನು ಕಣ್ಣಿಗಿಟ್ಟ. ಅದರಲ್ಲಿ ಲೋಕವೆಲ್ಲ ಬೂದಿ, ಬಿಸಿಯಿರುವ ಜೀವ ಮಾತ್ರ ಬಿಳಿ. ಬಣ್ಣ ಗಿಣ್ಣ ಏನೂ ಇಲ್ಲ. ನೋಡುತ್ತಾ ನೋಡುತ್ತಾ, ಬಸಿಗಾಲುವೆಯ ದಂಡೆಯ ಮೇಲೆ ಒಂದು ಸಣ್ಣ ಬಿಳಿ ತಲೆ ಕಾಣಿಸಿತು. ಮೇಲೆದ್ದಿತು, ಮತ್ತೆ ದಂಡೆಯಾಚೆ ಇಳಿಯಿತು.

ಬಂದ ಕಳ್ಳ!

ಅಂಗೈಯ ಹಿಂಭಾಗ ತುಟಿಗೊತ್ತಿ ಗಾಳಿ ಎಳೆದ. ಗಾಯವಾದ ಮೊಲ ಚೀರುವ ದನಿ. ನರಿಗೆ ಅದಕ್ಕಿಂತ ದೊಡ್ಡ ಆಸೆಯಿಲ್ಲ. ಒಂದು ಸಲ, ಎರಡು ಸಲ. ತಲೆ ಮೇಲೆದ್ದು ಇವನ ಕಡೆ ತಿರುಗಿ ನಿಂತಿತು, ಹಿಂದೆ ನೋಡಿತು. ಮೂರನೇ ಸಲ ಚೀರಿದಾಗ ಮೈ ತಗ್ಗಿಸಿ, ಉದ್ದ ಬಾಲ ಚಾಚಿ, ನೆಟ್ಟಗೆ ಇವನ ಕಡೆಗೇ ಓಡಿ ಬಂತು.

ದೀಪ ಜೇಬಿನಲ್ಲೇ ಇತ್ತು. ಹಾಕಿ ನೋಡುವುದು ಅವನ ನೇಮ, ಮೂವತ್ತು ವರ್ಷದ ನೇಮ. ಆದರೆ ಹಾಕಿದರೆ ಈ ಖದೀಮ ಓಡಿಬಿಡುತ್ತಾನಲ್ಲ! ಇದೊಂದು ಸಲ ಅಂದುಕೊಂಡ. ಎಂಬತ್ತು ಗಜದಲ್ಲಿ ಹೊಡೆದ.

ಆಮೇಲೆ ದೀಪ ಹಾಕಿಕೊಂಡು ನಡೆದು ಹೋದ. ಮೊದಲು ಕಂಡದ್ದು ಬಿಳಿ ಕೊರಳು. ಆಮೇಲೆ ಕಪ್ಪು ಬೆನ್ನು. ಆಮೇಲೆ ಕೊರಳ ಪಟ್ಟಿಯ ಹಿತ್ತಾಳೆ ಬಿಲ್ಲೆ.

ಅಯ್ಯೋ ದೇವರೇ. ನೆಲ್.

ಅವನು ಮಂಡಿಯೂರಿಬಿಟ್ಟ. "ನೆಲ್, ನೆಲ್ಲಮ್ಮಾ, ಏಳೇ," ಅಂದ. ಏಳುವುದೆಲ್ಲಿ ಬಂತು, ಗುಂಡು ಎದೆಗೇ ಬಿದ್ದಿತ್ತು. ಅವಳ ಹೊಟ್ಟೆಯಡಿಯ ಕೂದಲೆಲ್ಲ ಒದ್ದೆಯಾಗಿತ್ತು. ಯಾಕೆ ಅಂತ ಅವನು ಯೋಚಿಸಲಿಲ್ಲ. ಈ ಮನುಷ್ಯನ ತಲೆಯಲ್ಲಿ ಆಗ ಇದ್ದದ್ದು ಒಂದೇ: ವಾಟಿಗೆ ಏನು ಹೇಳಲಿ? ಯಾವ ಬಾಯಲ್ಲಿ ಹೇಳಲಿ? ಆಮೇಲೆ ಅವಳನ್ನು ಎತ್ತಿಕೊಂಡು ಹೋಗಿ ಪಿಕಪ್ಪಿನ ಹಿಂದೆ ಮಲಗಿಸಿದ. ಯಾರಾದರೂ ಇಣುಕಿದರೆ ಅಂತ ಒಂಬತ್ತು ಹೆಬ್ಬಾತುಗಳನ್ನೂ ಅವಳ ಮೇಲೆ ಎಳೆದ. ಬಾಗಿಲು ಬಡಿದು ಗಾಡಿ ಓಡಿಸಿಕೊಂಡು ಮನೆಗೆ ಹೋದ. ಅಂಗಳದಲ್ಲಿ ಎಂಜಿನ್ನು ಆರಿಸಿ ಸ್ಟೇರಿಂಗ್ ಹಿಡಿದು ಕೂತ. ಕೂತೇ ಇದ್ದ. ರಸ್ತೆಗೆ ಹೋಗಿ ಕಾರಿಗೆ ಸಿಕ್ಕಳು ಅನ್ನಲೇ? ಎಲ್ಲೋ ಓಡಿಹೋದಳು ಅಂತ ಸುಮ್ಮನಿದ್ದುಬಿಡಲೇ? ಹೌದು, ಅದನ್ನೂ ಯೋಚಿಸಿದ, ಮುಚ್ಚಿಟ್ಟು ಏನು ಪ್ರಯೋಜನ.

ಅರ್ಧ ಗಂಟೆಯ ಮೇಲೆ ಫೋನು ಬಂತು. ಎಲ್ಸ್‌ಪೆಟ್.

"ಇನ್ನಿಸ್, ನಿಮ್ಮ ಯಜಮಾನ್ರು ನಿನ್ನ ಹತ್ರ ಹರಟೆ ಹೊಡೀತಾ ಕೂತಿದಾರೇನಪ್ಪ? ಕಳಿಸು, ಊಟ ಆರ್ತಾ ಇದೆ."

"ಇಲ್ಲಿಲ್ಲ," ಅಂದ.

"ಇಲ್ವಾ? ಎರಡು ಗಂಟೆಗೆ ಗ್ಯಾಸ್ ಬಾಟ್ಲಿ ತಗೊಂಡು ಹೋದೋರು ಕಣಪ್ಪ. ನಿನ್ನ ಮನೇಲಿ ಇರ್ತಾರೆ ಅಂತ ನಾನು ಸುಮ್ನಿದ್ದೆ. ಜೊತೇಲಿ ನೆಲ್ ಇದಾಳೆ, ಏನಾದ್ರೂ ಆಗಿದ್ರೆ ಅವಳು ಬಂದು ಹೇಳ್ತಿದ್ಲಲ್ಲಾ?"

ಇನ್ನಿಸ್‌ನ ಕೈಯಿಂದ ಫೋನು ಜಾರಿ ಕಾಲಡಿ ಬಿತ್ತು. ಒದ್ದೆ ಹೊಟ್ಟೆ. ದಂಡೆಯಾಚೆ ಇಳಿದು ಮತ್ತೆ ಹತ್ತಿದ ತಲೆ. ಹಿಂದೆ ತಿರುಗಿ ನೋಡಿದ್ದು. ಬಾಗಿ ಫೋನು ಎತ್ತಿಕೊಂಡು, "ಆಂಬುಲೆನ್ಸ್‌ಗೆ ಹೇಳಿ! ಬಸಿಗಾಲುವೆ, ಗನ್ನಿನ ಹತ್ರ!" ಅಂತ ಕಿರುಚಿದ. ಗಾಡಿ ತಿರುಗಿಸಿದ. ಹೊಲದ ಗೇಟು ತೆಗೆಯಲಿಲ್ಲ, ಮುರಿದುಕೊಂಡೇ ಹೋದ.

ವಾಟಿ ಕಾಲುವೆಯಲ್ಲಿದ್ದ. ಜಾರಿ ಬಿದ್ದ ಏಟಿಗೆ ಒಂದು ಕಾಲು ಮಂಡಿಯ ಕೆಳಗೆ ತಿರುಚಿಕೊಂಡಿತ್ತು, ಗ್ಯಾಸ್ ಬಾಟ್ಲಿ ಪಕ್ಕದಲ್ಲೇ ಕೆಸರಲ್ಲಿ ಹೂತಿತ್ತು. ಸೊಂಟದವರೆಗೆ ನೀರು, ನೀರಿನ ಅಂಚಿಗೆ ಮಂಜುಗಡ್ಡೆ. ಮೂರೂವರೆ ಗಂಟೆ. ಎದೆಯ ಮೇಲಿನ ಕೋಟು ಮಾತ್ರ ಅಷ್ಟು ಒದ್ದೆಯಾಗಿರಲಿಲ್ಲ. ಅಲ್ಲಿ ನಾಯಿಯ ಕೂದಲು ಮೆತ್ತಿಕೊಂಡಿತ್ತು. ವಾಟಿಯ ಕಣ್ಣು ತೆರೆದೇ ಇತ್ತು. ಇನ್ನಿಸ್ ನೀರಿಗಿಳಿದು ಕಂಕುಳಿಗೆ ಕೈ ಹಾಕಿ ದಂಡೆಗೆ ಎಳೆದ. ತನ್ನ ಕೋಟು, ಸ್ವೆಟರು, ಕೊನೆಗೆ ಅಂಗಿಯನ್ನೂ ಬಿಚ್ಚಿ ಹೊದಿಸಿದ.

"ಬಂದೆ ಯಜಮಾನ್ರೇ, ಬಂದೆ. ಆಂಬುಲೆನ್ಸ್ ಬರ್ತಾ ಇದೆ. ಮಾತಾಡಿ, ನಿದ್ದೆ ಮಾಡ್ಬೇಡಿ."

ವಾಟಿಯ ತುಟಿ ಅಲುಗಿತು. ದನಿ ಇರಲಿಲ್ಲ, ಬರೀ ಉಸಿರು. ಇನ್ನಿಸ್ ಕಿವಿ ಹತ್ತಿರ ತಂದ.

"ಮೊಲದ ದನಿ ಕೇಳಿಸ್ತು. ನೀನೇ ಅಂತ ಗೊತ್ತಾಯ್ತು. ಬದುಕಿದೆ ಅಂದ್ಕೊಂಡೆ."

ಇನ್ನಿಸ್ ಕೋಟನ್ನು ಅವನ ಕತ್ತಿನವರೆಗೆ ಎಳೆದ.

"ನೆಲ್‌ಗೆ ಹೋಗು ಅಂದೆ. ಎದೆ ಬಿಟ್ಟು ಏಳಲಿಲ್ಲ ಹುಡುಗಿ. ಬೈದು ಕಳಿಸ್ದೆ."

"ಯಜಮಾನ್ರೇ..."

"ಗುಂಡು ಕೇಳಿಸ್ತು. ಆಮೇಲೆ ನಿನ್ನ ಗಾಡಿ ಬಾಗಿಲು." ಚಳಿಗೆ ವಾಟಿಯ ಹಲ್ಲು ಕಟಕಟಿಸಿತು. "ಕೂಗ್ದೆ ಕಣೋ. ದನಿ ಬರ್ಲಿಲ್ಲ. ಗಾಡಿ ಹೊರಟೋಯ್ತು."

"ಹೆದರಿಬಿಟ್ಟೆ," ಅಂದ ಇನ್ನಿಸ್. ಅಳು ಒತ್ತರಿಸಿ ಬಂತು. "ನಿಮಗೆ ಹೆಂಗೆ ಹೇಳೋದು ಅಂತ ಹೆದರಿಬಿಟ್ಟೆ. ನೀವಿಲ್ಲಿದೀರ ಅಂತ ನನಗೆ... ನರಿ ಅಂದ್ಕೊಂಡೆ. ದೀಪ ಹಾಕ್ಲಿಲ್ಲ."

"ಎಲ್ಲಿದಾಳೆ?"

"ಗಾಡೀಲಿ."

"ಮುಂದೇನಾ?"

"ಹಿಂದೆ." ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. "ಹೆಬ್ಬಾತುಗಳ ಕೆಳಗೆ."

ವಾಟಿ ಕಣ್ಣು ಮುಚ್ಚಿದ. ಇನ್ನಿಸ್ ಗಾಬರಿಯಿಂದ ಅವನ ಕೆನ್ನೆ ತಟ್ಟಿದ, ಉಸಿರು ನೋಡಿದ. ಉಸಿರಿತ್ತು.

ಅಷ್ಟರಲ್ಲಿ ಮೇಲಿನ ಹೊಲದಲ್ಲಿ ಟಾರ್ಚಿನ ಬೆಳಕು ಕಂಡಿತು. ಎಲ್ಸ್‌ಪೆಟ್ ಎಡವುತ್ತಾ ಏಳುತ್ತಾ ಬರುತ್ತಿದ್ದಳು. ಗಂಡನನ್ನು ಕೂಗುತ್ತಿರಲಿಲ್ಲ. ಅವನಿಗೆ ಓಗೊಡಲು ಆಗದಿದ್ದರೂ ನಾಯಿ ಬೊಗಳಿ ದಾರಿ ತೋರಿಸುತ್ತದೆ ಅನ್ನುವ ನಂಬಿಕೆ ಅವಳಿಗೆ.

"ನೆಲ್! ನೆಲ್ಲೀ! ಎಲ್ಲಿದೀಯೇ ನನ್ನಮ್ಮಾ? ನೆಲ್!"

ಇಬ್ಬರು ಗಂಡಸರೂ ಅದನ್ನು ಕೇಳುತ್ತಾ ಬಿದ್ದುಕೊಂಡಿದ್ದರು. ಅವಳು ಮತ್ತೆ ಕೂಗಿದಳು, ನಿಂತು ಬೊಗಳು ಕೇಳಿಸುತ್ತದೇನೋ ಅಂತ ಕಾದಳು, ಮತ್ತೆ ಕೂಗಿದಳು.

ವಾಟಿ ಕಣ್ಣು ತೆರೆದು ಇನ್ನಿಸ್‌ನ ಮುಖ ನೋಡಿದ.

"ಹೋಗು," ಅಂದ. "ನೀನೇ ಹೋಗಿ ಹೇಳು."