ಉಜ್ಜಿದರೂ ಹೋಗದ ನೀಲಿ

ಎರಡೇ ಸಲ ಅದ್ದಿದ ನೀಲಿ, ಮೂರನೆಯ ಸಲ ಬಣ್ಣದ ತೊಟ್ಟಿಗೆ ಇಳಿಸಿಲ್ಲ, ಅದಕ್ಕೇ ಇಷ್ಟು ತೆಳು — ಆಸ್ಪತ್ರೆಯ ಕಿಟಕಿಯ ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿದೆ, ಅವನ ಕಣ್ಣೂ ಅದರ ಜೊತೆ ಉಬ್ಬಿ ಇಳಿಯುತ್ತಿದೆ, ಬಟ್ಟೆಗೆ ಬಣ್ಣ ಹಾಕಿಯೇ ಹೊಟ್ಟೆ ಹೊರೆದವನಿಗೆ ಬೇರೇನು ಕಾಣಬೇಕು, ತೊಟ್ಟಿಯಿಂದ ಎತ್ತಿದ ಬಟ್ಟೆ ಮೊದಲು ಹಸಿರು, ಗಾಳಿ ತಾಗಿದ ಹಾಗೆ ಮೆಲ್ಲಗೆ ನೀಲಿ, ನೋಡುತ್ತಾ ನಿಂತರೆ ನಿದ್ದೆಯಲ್ಲಿ ನಡೆದ ಹಾಗೆ, ಮಗುವಿನ ಬೆನ್ನೂ ಹಾಗೇ ತಿರುಗಿತ್ತಲ್ಲ, ಹುಟ್ಟಿದಾಗ ಕೆಂಪಗಿದ್ದದ್ದು, ಆಮೇಲೊಂದು ದಿನ ಸ್ನಾನದ ನೀರಲ್ಲಿ ಸೊಂಟದ ಕೆಳಗೆ ಅಂಗೈಯಗಲ ನೀಲಿ, ಸರಿಯಾಗಿ ಅವನು ಕೈಕೊಟ್ಟು ಎತ್ತುವ ಜಾಗದಲ್ಲೇ. ಅತ್ತೆ ನಕ್ಕಿದ್ದರು, ಏನು ಅಳಿಯಂದಿರೇ, ಮಗನಿಗೂ ಬಣ್ಣ ಹಾಕಿಬಿಟ್ರಾ, ಇನ್ನು ಹಗ್ಗಕ್ಕೆ ಒಣಹಾಕೋದೊಂದೇ ಬಾಕಿ. ಅವನೂ ನಕ್ಕಿದ್ದ, ಆಮೇಲೆ ತನ್ನ ಉಗುರು ಸಂದಿಯ ನೀಲಿ ಕಂಡಿತ್ತು, ಕೆಮಿಕಲ್ ಬೆರೆಸಿದ ಬಣ್ಣ, ಎಳೆಯ ಚರ್ಮ — ಹೆಂಡತಿ ಮಲಗಿದ್ದಾಗ ಬಿಸಿನೀರು, ಸೋಪು, ಹಳೇ ಹತ್ತಿಬಟ್ಟೆ, ಹೋಗಲಿಲ್ಲ, ಇನ್ನೂ ಸ್ವಲ್ಪ, ಮಗು ಅತ್ತಿತು, ಇಷ್ಟೇ ಕಂದ, ಮುಗೀತು, ಮಾರನೆಯ ದಿನ ಮತ್ತೆ, ಅದರ ಮಾರನೆಯ ದಿನ ಮತ್ತೆ. ನೀಲಿ ಹೋಗಲಿಲ್ಲ, ಸುತ್ತ ಕೆಂಪು ಬಂತು.

ಇವತ್ತು ಲಸಿಕೆಗೆಂದು ಮಗುವಿನ ಚಡ್ಡಿ ಬಿಚ್ಚಿದ ನರ್ಸ್ ಸೂಜಿ ಕೆಳಗಿಟ್ಟಳು, ಡಾಕ್ಟರಮ್ಮ ಬಂದರು, ಬಾಗಿಲು ಮುಚ್ಚಿತು. ಮಗೂನ ಯಾರಾದ್ರೂ ಹೊಡೆದ್ರಾ, ದನಿ ಎಷ್ಟು ಮೆತ್ತಗಿತ್ತು, ಮೆತ್ತಗಿದ್ದದ್ದಕ್ಕೇ ಹೆದರಿಕೆ, ಯಾರಿಗೋ ಫೋನು ಮಾಡುತ್ತಾರೆ, ಮಗುವನ್ನು ಇಲ್ಲೇ ಇಟ್ಟುಕೊಂಡು ನಮ್ಮನ್ನು ಬರಿಗೈಯಲ್ಲಿ ಕಳಿಸುತ್ತಾರೆ — ಆಗಲೇ ಅಲ್ಲವೇ ಹೆಂಡತಿ ಅವನ ಕೈ ನೋಡಿದ್ದು, ಅವನ ಕಡೆಗಿದ್ದ ತನ್ನ ಹೆಗಲಿಂದ ಮಗುವನ್ನೆತ್ತಿ ಆಚೆ ಹೆಗಲಿಗೆ ಹಾಕಿಕೊಂಡದ್ದು. ಅವನು ತೊದಲುತ್ತಾ ಎಲ್ಲ ಹೇಳಿಬಿಟ್ಟ, ತೊಟ್ಟಿ, ಸೋಪು, ಉಜ್ಜಿದ್ದು. ಡಾಕ್ಟರಮ್ಮ ನೀಲಿಯ ಮೇಲೆ ಹೆಬ್ಬೆರಳು ಒತ್ತಿದರು, ಮಗು ಅಳಲಿಲ್ಲ, ಬಾವೂ ಇಲ್ಲ, ಎಷ್ಟು ದಿನದಿಂದ ಹೀಗಿದೆಯಮ್ಮಾ, ಹುಟ್ಟಿದ ಕೆಲ ದಿನದಿಂದ್ಲೂ ಹೀಗೇ ಡಾಕ್ಟ್ರೇ, ಹಾಗಾದ್ರೆ ಪೆಟ್ಟಲ್ಲ, ಪೆಟ್ಟಾದ್ರೆ ಇಷ್ಟರಲ್ಲಿ ಹಳದಿಗೆ ತಿರುಗಿ ಮಾಯವಾಗಬೇಕಿತ್ತು, ಬಣ್ಣವೂ ಅಲ್ಲ ಕಣ್ರೀ, ಹುಟ್ಟುಮಚ್ಚೆ, ಎಷ್ಟೋ ಮಕ್ಕಳಿಗಿರುತ್ತೆ, ಬೆಳೀತಾ ತಾನೇ ಮಾಸುತ್ತೆ, ಕೆಂಪು ಮಾತ್ರ ನಿಮ್ಮ ಕೆಲಸ, ಉಜ್ಜೋದು ನಿಲ್ಲಿಸಿ ಸಾಕು. ನರ್ಸ್ ನಕ್ಕಳು, ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳು, ಅಲ್ಲಾರೀ, ನನಗೊಂದು ಮಾತು ಹೇಳೋಕೇನಾಗಿತ್ತು, ಮಗುವನ್ನು ಅವನ ಕೈಗೇ ಕೊಟ್ಟಳು, ಎಷ್ಟು ಹಗುರ, ಕುತ್ತಿಗೆಯಲ್ಲಿ ಹಾಲಿನ ವಾಸನೆ, ಮನೆಗೆ ಹೋಗಬಹುದು, ಎಲ್ಲ ಮುಗಿಯಿತು — ಆಗ ಅವಳಿಗೆ ಕೈ ನೋಯುತ್ತಿತ್ತೇನೋ, ಮಗುವಿನ ಕಣ್ಣಿಗೆ ಬಿಸಿಲು ಬೀಳುತ್ತಿತ್ತೇನೋ, ಇಲ್ಲ, ಬಿಸಿಲಿದ್ದದ್ದು ಆಚೆ ಕಡೆ — ಈ ಹೆಗಲಿಂದೆತ್ತಿ ಆ ಹೆಗಲಿಗೆ, ಈ ಹೆಗಲಿಂದೆತ್ತಿ, ಆ ಹೆಗಲಿಗೆ.