ಎಡೆ ಮುಟ್ಟಿದ ಹಕ್ಕಿ

ಭೈರೇಶನ ವರ್ಷದ ಎಡೆಯನ್ನು ಕಾಗೆ ಮುಟ್ಟಲಿಲ್ಲ. ಮುಟ್ಟಿದ್ದು ಬೇರೆ ಯಾವುದೋ ಹಕ್ಕಿ. ಅದನ್ನು ನೋಡಿದವಳು ಅವನ ಹೆಂಡತಿ ರಮ್ಯಶ್ರೀ ಒಬ್ಬಳೇ. ತೊಂದರೆ ಶುರುವಾಗಿದ್ದು ಅಲ್ಲಿಂದ.

ಮಾರೇನಹಳ್ಳಿಯ ಮನೆಯ ತಾರಸಿಯಲ್ಲಿ ಬಾಳೆಲೆ ಹಾಸಿ, ಅನ್ನ, ಅವನಿಗಿಷ್ಟವಾದ ಬಸ್ಸಾರು, ಕೋಳಿಸಾರು, ವಡೆ, ಪಾಯಸ ಬಡಿಸಿ, ಅಂಚಿಗೆ ಸುಲಿದ ಬಾಳೆಹಣ್ಣು ಇಟ್ಟು, ಮನೆಯವರೆಲ್ಲ ನೀರಿನ ಟ್ಯಾಂಕಿನ ಮರೆಗೆ ಸರಿದು ನಿಂತಿದ್ದರು. ಕಾಗೆ ಮುಟ್ಟಿದರೆ ಹೋದವನು ಉಂಡ ಹಾಗೆ. ಆಮೇಲೆ ಉಳಿದವರ ಊಟ. ಮುಟ್ಟದಿದ್ದರೆ ಅವನ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರ್ಥ. ಆಗ ಒಬ್ಬೊಬ್ಬರಾಗಿ ಮುಂದೆ ಬಂದು ಅವನಿಗೆ ಮಾತು ಕೊಡಬೇಕು. ಎದುರು ಮನೆಯ ಕೇಬಲ್ ತಂತಿಯ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ಹಾಗೆ. ಒಂದೂ ಇಳಿಯಲಿಲ್ಲ.

ಭೈರೇಶನ ದೊಡ್ಡಪ್ಪ ನಂಜುಂಡಪ್ಪ, ಅವನು ಬಿಟ್ಟುಹೋದ ಸೈಟಿನ ತಕರಾರನ್ನು ತಾನೇ ನಿಂತು ಬಗೆಹರಿಸುವುದಾಗಿ ಮಾತು ಕೊಟ್ಟರು. ತಾಯಿ ಪುಟ್ಟಲಕ್ಷ್ಮಮ್ಮ ಕೈಮುಗಿದು, “ನಿನ್ ಹೆಂಡ್ತೀನ ಮಗಳಂಗೆ ನೋಡ್ಕೋತೀನಿ ಕಣೋ, ಬಂದು ಉಣ್ಣೋ ನನ್ನಪ್ಪಾ” ಎಂದು ಕರೆದರು. ಕಾಗೆಗಳು ತಂತಿಗೆ ಕೊಕ್ಕು ಉಜ್ಜಿಕೊಂಡವು. ಕೊನೆಗೆ ರಮ್ಯಶ್ರೀಯನ್ನು ಮುಂದೆ ಕಳಿಸಿ, ಗಂಡಹೆಂಡಿರ ಮಾತು ಕೇಳಬಾರದೆಂದು ಎಲ್ಲರೂ ಬೆನ್ನು ತಿರುಗಿಸಿದರು.

ಆಗ ಆ ಹಕ್ಕಿ ಇಳಿಯಿತು. ಕಪ್ಪು ತಲೆ, ಕಪ್ಪು ರೆಕ್ಕೆ, ಮೈಗೆ ಒಗೆದು ಒಗೆದು ಮಾಸಿದ ಗುಲಾಬಿ ಸೀರೆಯ ಬಣ್ಣ. ಬಾಳೆಹಣ್ಣನ್ನು ಕುಕ್ಕಿ, ಅವಳ ಕಡೆ ಒಮ್ಮೆ ಕತ್ತು ವಾಲಿಸಿ, ಹಾರಿಹೋಯಿತು.

“ಮುಟ್ತು” ಎಂದಳು.

“ಕಾಗೆ ತಾನೇ?” ಅತ್ತೆ ಗಕ್ಕನೆ ತಿರುಗಿದರು.

ಹೂಂ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಒಂದು ವರ್ಷದಿಂದ ಯಾರು ಏನು ಕೇಳಿದರೂ ಹೂಂ ಅಂದುಕೊಂಡೇ ಬಂದವಳು, ಅವತ್ತು ಯಾಕೋ, “ಅಲ್ಲ ಅತ್ತೆ, ಪಿಂಕಿತ್ತು” ಅಂದುಬಿಟ್ಟಳು.

“ರೆಕ್ಕೆ ಇತ್ತೋ ಇಲ್ವೋ? ಇತ್ತಲ್ಲ. ಸಾಕು ಬುಡು ಪುಟ್ಟಲಕ್ಷ್ಮಿ, ಸಾರು ಆರೋಯ್ತದೆ” ಎಂದರು ನಂಜುಂಡಪ್ಪ.

“ನೀವು ಸುಮ್ನಿರಿ ಭಾವ. ಹಣ್ಣು ಮುಟ್ತಾ, ಅನ್ನ ಮುಟ್ತಾ?”

“ಹಣ್ಣು.”

“ಅನ್ನ ಮುಟ್ಟಿಲ್ಲ. ಕಾಗೇನೂ ಅಲ್ಲ. ನನ್ ಮಗ ಉಂಡ್ನೋ ಇಲ್ವೋ ನಂಗೆ ಗೊತ್ತಾಗ್ಬೇಕು. ಗೊತ್ತಾಗೋವರ್ಗೂ ನಾನು ಅನ್ನ ಮುಟ್ಟಲ್ಲ.”

ಉಳಿದವರೆಲ್ಲ ಉಂಡು ಹೊರಟರು. ಪುಟ್ಟಲಕ್ಷ್ಮಮ್ಮ ಹಾಲು, ಬಿಸ್ಕತ್ತಿನಲ್ಲೇ ಇದ್ದರು. ಮೊದಲೇ ಸಕ್ಕರೆ ಕಾಯಿಲೆಯ ಮೈ. ಶುಕ್ರವಾರ ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಕುಸಿದು ಕೂತರು. ಹೊಟ್ಟೆಗೆ ಸರಿಯಾಗಿ ತಿನ್ನದೆ ಮಾತ್ರೆ ನುಂಗಿದರೆ ಮುಂದಿನ ಸಲ ಬಿದ್ದವರು ಏಳುವುದಿಲ್ಲ ಎಂದು ಡಾಕ್ಟರು ಗದರಿದರು. ಅತ್ತೆ ತಲೆಯಾಡಿಸಿ ಮಾತ್ರೆ ನುಂಗಿದರು. ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಇವರೂ ಹೋದರೆ ಆ ತಾರಸಿಯ ಮೇಲೆ ಇನ್ನೊಂದು ಎಲೆ ಹಾಸುವವಳು ತಾನೇ ಎಂದು ರಮ್ಯಶ್ರೀಗೆ ಹೊಳೆಯಿತು. ಅಷ್ಟು ಮಾತ್ರ ತನ್ನಿಂದಾಗದು ಎಂಬುದೊಂದು ಅವಳಿಗೆ ಸ್ಪಷ್ಟವಿತ್ತು. ಉಳಿದದ್ದೆಲ್ಲ ಮಂಜು ಮಂಜು.

ಅವಳು ಅಮರೇಶನಿಗೆ ಫೋನ್ ಮಾಡಿದಳು. ರಾಜಾಜಿನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಅಮರೇಶ ಭೈರೇಶನ ಗೆಳೆಯ; ಇಬ್ಬರೂ ಭಾನುವಾರ ಬೆಳಕು ಹರಿಯುವ ಮುಂಚೆ ಬೈನಾಕ್ಯುಲರ್ ನೇತುಹಾಕಿಕೊಂಡು ಜ್ಞಾನಭಾರತಿ ಕ್ಯಾಂಪಸ್ಸಿಗೆ ಹಕ್ಕಿ ನೋಡಲು ಹೋಗುತ್ತಿದ್ದವರು.

“ಗುಲಾಬಿ ಮೈನಾ ಇರ್ಬೇಕು ಅತ್ತಿಗೆ” ಎಂದ. “ಚಳಿಗಾಲಕ್ಕೆ ಬಂದಿದ್ವು, ಈಗ ವಾಪಸ್ ಹೊರಡೋ ಟೈಮು. ಜ್ಞಾನಭಾರತೀಲಿ ಹಿಂಡು ಇನ್ನೂ ಇದೆ. ಅಮ್ಮನ್ನೂ ಕರ್ಕೊಂಡ್ ಬನ್ನಿ, ಅವ್ರೇ ನೋಡ್ಲಿ.”

ಭಾನುವಾರ ಅತ್ತೆಸೊಸೆ ಆಟೊ ಹತ್ತಿದರು. ರಮ್ಯಶ್ರೀಯ ಚೀಲದಲ್ಲಿ ಒಂದು ಡಬ್ಬಿ ಚಿತ್ರಾನ್ನ. ಅತ್ತೆಯ ಕೊರಳಲ್ಲಿ ಭೈರೇಶನ ಬೈನಾಕ್ಯುಲರ್. ಅವನ ಎತ್ತರಕ್ಕೆ ಬಿಟ್ಟ ಪಟ್ಟಿ, ಅದು ಅವರ ಹೊಟ್ಟೆಗೆ ಬಡಿಯುತ್ತಿತ್ತು. ಗಿಡ್ಡ ಮಾಡುತ್ತೇನೆಂದರೆ ಬೇಡವೆಂದರು.

ರಮ್ಯಶ್ರೀ ಎಂ.ಎ. ಓದಿದ್ದು ಇದೇ ಕ್ಯಾಂಪಸ್ಸಿನಲ್ಲಿ. ಆಗ ಇಲ್ಲಿ ಅವಳು ಕತ್ತೆತ್ತಿ ನೋಡಿದ್ದು ಬಸ್ಸಿನ ಬೋರ್ಡನ್ನು ಮಾತ್ರ. ಈಗ ಹೊಂಗೆಮರಗಳು ಹೊಸ ಎಲೆ ಬಿಟ್ಟು ಮಿರಮಿರ ಮಿಂಚುತ್ತಿದ್ದವು. ಅಮರೇಶ ನಿಂತು, “ಅಲ್ನೋಡಿ, ಎಲೆ ಹಿಂದೆ” ಎಂದು ಪಿಸುಗುಟ್ಟಿದ. ಎಲೆಯೊಂದು ಅಲುಗಿತು.

“ಏನದು?” ಎಂದರು ಪುಟ್ಟಲಕ್ಷ್ಮಮ್ಮ.

“ಅದೂ ದೂರದಿಂದ ಬಂದಿರೋದೇ ಅಮ್ಮ. ಹಸಿರು ಬಣ್ಣದ ಸಣ್ಣ ಹಕ್ಕಿ. ಅದ್ರಲ್ಲಿ ಮೂರ್ನಾಲ್ಕು ಥರ. ಇದ್ಯಾವ್ದೋ ಹೇಳಕ್ಕಾಗಲ್ಲ.”

“ಇಷ್ಟ್ ವರ್ಷದಿಂದ ನೋಡ್ತಿದೀಯ, ಗೊತ್ತಾಗಲ್ವಾ?”

“ಗೊತ್ತಾಗ್ದೆ ಇರೋದೇ ಜಾಸ್ತಿ ಅಮ್ಮ. ನಾನೂ ಭೈರನೂ ಅರ್ಧ ದಿನ ಜಗಳ ಆಡ್ತಿದ್ವಿ.”

“ಯಾರ್ ಗೆಲ್ತಿದ್ರು?”

“ಹಕ್ಕಿ ಹಾರ್ಹೋಗ್ತಿತ್ತು.”

ಅತ್ತೆ ನಕ್ಕರೋ ಏದುಸಿರು ಬಿಟ್ಟರೋ ತಿಳಿಯಲಿಲ್ಲ.

ಹಿಂಡು ಒಂದು ದೊಡ್ಡ ಬಸರಿ ಮರದಲ್ಲಿತ್ತು. ಮೊದಲು ಕೇಳಿಸಿದ್ದು ಗದ್ದಲ, ಪಡಿತರದಂಗಡಿಯ ಮುಂದೆ ಸೇರಿದ ಜನರದ್ದೇ ಗದ್ದಲ. ಆಮೇಲೆ ಕೊಂಬೆಕೊಂಬೆಯಲ್ಲೂ ಆ ಮಾಸಲು ಗುಲಾಬಿ ಕಾಣಿಸಿತು. ರಮ್ಯಶ್ರೀ ತಬ್ಬಿಬ್ಬಾದಳು. ಅವತ್ತಿನದು ಇದರಲ್ಲಿ ಯಾವುದು? ಎಲ್ಲವೂ ಅದೇ. ಯಾವುದೂ ಅವಳ ಕಡೆ ಕತ್ತು ವಾಲಿಸಲಿಲ್ಲ.

ಪುಟ್ಟಲಕ್ಷ್ಮಮ್ಮ ಬಹಳ ಹೊತ್ತು ಬೈನಾಕ್ಯುಲರ್ ಇಳಿಸಲಿಲ್ಲ.

“ಗೊರವಂಕದ ಜಾತಿ ಇದು. ಕಾಗೆ ಜಾತಿ ಅಲ್ಲ” ಎಂದರು ಕೊನೆಗೆ.

“ಹೌದಮ್ಮ, ಗೊರವಂಕದ ನೆಂಟ್ರೇ.”

“ಎಲ್ಲೀವು?”

“ಹಿಮಾಲಯದ ಆಚೆ, ಬಯಲುಸೀಮೆ. ಅಲ್ಲಿಂದ ಬರ್ತವೆ, ಅಲ್ಲಿಗೇ ಹೋಗ್ತವೆ.”

“ಮನುಷ್ರು ಇಟ್ಟಿದ್ದು ತಿಂತವಾ?”

ರಮ್ಯಶ್ರೀ ಅಮರೇಶನನ್ನು ನೋಡಿದಳು. ಇಲ್ಲಮ್ಮ, ಅಪರೂಪಕ್ಕೆ, ನಮ್ಮ ಭೈರ ಕರೆದ ಅಂತ ಬಂದಿರಬೇಕು ಅನ್ನು ಮಾರಾಯ ಎಂದು ಮನಸ್ಸಿನಲ್ಲೇ ಬೇಡಿದಳು. ಅಮರೇಶನಿಗೆ ಅದು ತಿಳಿಯಲಿಲ್ಲ.

“ಅಯ್ಯೋ, ಏನ್ ಸಿಕ್ಕಿದ್ರೂ ತಿಂತವಮ್ಮ” ಎಂದ ಸಂತೋಷದಿಂದ.

ಅತ್ತೆಯ ಮುಖ ಸಣ್ಣದಾಯಿತು. ಕಲ್ಲುಬೆಂಚಿನ ಮೇಲೆ ಕೂತರು. “ಏನ್ ಸಿಕ್ಕಿದ್ರೂನಾ. ಹಂಗಾದ್ರೆ ದಾರೀಲಿ ಹೋಗೋದು ಬಂದು ತಿಂತು ಅಷ್ಟೇ. ಅವನಲ್ಲ.”

ರಮ್ಯಶ್ರೀ ಡಬ್ಬಿ ತೆಗೆದಳು. ಅವರು ಕೈಯಿಂದ ತಡೆದರು. ಅವರ ಹಣೆಯಲ್ಲಿ ಬೆವರಿತ್ತು.

“ಅವತ್ತು ನೀನೇನಂದೆ?” ಇದ್ದಕ್ಕಿದ್ದಂತೆ ಕೇಳಿದರು. “ನಾವೆಲ್ಲ ಆ ಕಡೆ ತಿರುಗ್ದಾಗ. ಏನ್ ಮಾತು ಕೊಟ್ಟೆ ಅವನಿಗೆ?”

“ಏನೂ ಕೊಡ್ಲಿಲ್ಲ ಅತ್ತೆ.”

“ಏನೋ ಅಂದಿರ್ತೀಯ ಕಣೇ. ನಾವ್ ಅಷ್ಟ್ ಕರ್ದ್ರೂ ಏನೂ ಇಳೀಲಿಲ್ಲ. ನಿನ್ ಮಾತಿಗೆ ಇಳೀತಲ್ಲ.”

ರಮ್ಯಶ್ರೀ ನೆನಪಿಸಿಕೊಳ್ಳಲು ನೋಡಿದಳು. ಎಲೆ, ಆರುತ್ತಿದ್ದ ಸಾರು, ಬೆನ್ನುಗಳು. ಕೊಡಲು ಯಾವ ಮಾತೂ ಇರಲಿಲ್ಲ. ಎಲ್ಲರೂ ಬಾ ಬಾ ಎಂದು ಕೂಗಿ ಸುಸ್ತಾಗಿದ್ದರು. ಅವಳಿಗೂ ಸುಸ್ತಾಗಿತ್ತು.

“ಬರ್ದೇ ಇದ್ರೂ ಪರ್ವಾಗಿಲ್ಲ ಅಂದೆ” ಎಂದಳು. “ನಿಂಗೆ ಆಗ್ದಿದ್ರೆ ಬರ್ಬೇಡ, ಹೋಗು ಅಂದೆ.”

ಹೇಳಿದ ಮೇಲೆ ಹೆದರಿಕೆಯಾಯಿತು. ಅಮರೇಶ ಮರದ ಕಡೆ ತಿರುಗಿ ನಿಂತ.

ಬಸರಿಯ ಹಿಂಡು ಯಾತಕ್ಕೋ ಬೆದರಿ ಒಮ್ಮೆಗೇ ಎದ್ದು, ಆಕಾಶದಲ್ಲಿ ಸೆರಗು ಕೊಡವಿದಂತೆ ತಿರುಗಿ, ಕೆಂಗೇರಿ ಕಡೆ ಹೋಯಿತು. ಮರ ಒಮ್ಮೆಲೇ ಬರೀ ಮರವಾಯಿತು.

“ಹೋಗು ಅಂದೆಯಾ” ಎಂದರು ಅತ್ತೆ. ಬೈಯುವ ದನಿಯಲ್ಲ. “ನಾನು ಒಂದ್ ವರ್ಷದಿಂದ ಬಾ ಬಾ ಅಂತಲೇ ಇದೀನಿ ಕಣೇ. ಹೋಗು ಅಂತ ಯಾರೂ ಅಂದಿರ್ಲಿಲ್ಲ.”

ಕೊರಳಿನ ಬೈನಾಕ್ಯುಲರ್ ಸವರುತ್ತಾ, “ಕಾಗೆ ನೋಡಕ್ಕೆ ಅಂತ ಅವ್ನು ಯಾವತ್ತು ಬೆಳಗ್ಗೆ ಎದ್ದಿದ್ದ? ಎದ್ದಿದ್ದೇ ಇಂಥವುಕ್ಕೆ” ಎಂದು ತಮಗೇ ಹೇಳಿಕೊಂಡು, ಕೈ ಚಾಚಿದರು. “ತಾ ಡಬ್ಬೀನ.”

ಮೊದಲ ತುತ್ತು ಬಾಯಲ್ಲಿ ಬಹಳ ಹೊತ್ತು ಉಳಿಯಿತು. ಎರಡನೆಯದು ಬೇಗ ಇಳಿಯಿತು. “ಉಪ್ಪು ಕಮ್ಮಿ” ಎಂದರು.

ಅಷ್ಟರಲ್ಲಿ ಒಂದು ಕಾಗೆ ಬಂದು ಬೆಂಚಿನ ತುದಿಯಲ್ಲಿ ಕೂತು ಡಬ್ಬಿಯನ್ನೇ ನೋಡತೊಡಗಿತು.

“ಅವತ್ತು ಕರ್ದ್ರೆ ಕೊಕ್ಕು ತಿರುಗಿಸ್ದೆ. ಈಗ್ ಬಂದವ್ನೆ ನೋಡು, ದೊಡ್ಡ ಮನುಷ್ಯ” ಎಂದು ಗದರಿದ ಅತ್ತೆ, ಒಂದು ಚಿಟಿಕೆ ಚಿತ್ರಾನ್ನ ಅದರ ಮುಂದೆ ಇಟ್ಟರು. ಅದು ತಿಂದಿತು.

ರಮ್ಯಶ್ರೀ ಕಾಗೆಯನ್ನು ನೋಡಿದಳು. ಖಾಲಿ ಮರವನ್ನು ನೋಡಿದಳು. ಹೋಗು ಎಂದು ತಾನು ನಿಜವಾಗಿ ಅಂದಿದ್ದು ಆ ತಾರಸಿಯಲ್ಲೋ, ಅಥವಾ ಈಗ ಈ ಬೆಂಚಿನ ಮೇಲೋ? ಅವಳಿಗೆ ಗೊತ್ತಾಗಲಿಲ್ಲ.

“ನೀನೂ ತಿನ್ನೇ” ಎಂದು ಅತ್ತೆ ಡಬ್ಬಿಯ ಮುಚ್ಚಳಕ್ಕೆ ಒಂದಿಷ್ಟು ಹಾಕಿ ಅವಳ ಮುಂದೆ ಹಿಡಿದರು.