ಎಡಗೈ

ಮಗಳು ಅಪ್ಪನ ಕೆಲಸದ ಅಂಗಿಯ ಜೇಬಿನಿಂದ ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದನ್ನು ತೆಗೆದು ಪ್ರಯೋಗಾಲಯದ ಮುಖ್ಯಸ್ಥೆಯ ಕೈಗಿಟ್ಟಳು. ಅಪ್ಪನ ಶವ ಒಯ್ಯುವ ವ್ಯಾನು ಮನೆಗೆ ನಾಲ್ಕಕ್ಕೆ ಬರುವುದಿತ್ತು, ಆಗಿನ್ನೂ ಮೂರು. ಡಬ್ಬಿಯಲ್ಲಿ ಉಗುರಿನಗಲದ ಹರಳು, ಮುಚ್ಚಳದ ಮೇಲೆ ಅವನ ಅಕ್ಷರದಲ್ಲಿ ಬುಧವಾರದ ತಾರೀಕು.

ಬುಧವಾರ ಮಧ್ಯಾಹ್ನವೇ ಮುಖ್ಯಸ್ಥೆ ಅವನನ್ನು ಯಂತ್ರದ ಕೆಲಸದಿಂದ ಬಿಡಿಸಿದ್ದಳು.

*

ಹರಳಿನ ಮೇಲೆ ಕೂದಲಿನ ಹತ್ತರಲ್ಲೊಂದು ಪಾಲು ಅಗಲದ ದಿಣ್ಣೆ ಉಳಿಯುವಂತೆ ಎರಡೂ ಬದಿ ವಜ್ರದ ಬ್ಲೇಡಿನಿಂದ ಕೊರೆಯಬೇಕು. ಕಣ್ಣಿಗೆ ಕಾಣದ ಬೆಳಕು ಅದರೊಳಗೆ ಹೊಕ್ಕು ಹಸಿರಾಗಿ ಹೊರಬರುತ್ತದೆ. ಬದಿ ಕೊಂಚ ತರಿತರಿಯಾದರೂ ಬೆಳಕು ದಾರಿಯಲ್ಲೇ ಸೋರಿ, ಮೇಲಿನಿಂದ ಹಸಿರು ಗೆರೆ ಕಾಣುತ್ತದೆ. ಅವನ ಹರಳುಗಳಲ್ಲಿ ಗೆರೆ ಕಾಣುತ್ತಿರಲಿಲ್ಲ.

ಬ್ಲೇಡು ಮೊಂಡಾಗುವುದು ಯಂತ್ರದ ಮೀಟರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಸದ್ದಿನಿಂದಲೇ ಹಿಡಿಯುತ್ತಾನೆಂದು ಎಲ್ಲರೂ ಕಿವಿಯಣ್ಣ ಎಂದು ಹೆಸರಿಟ್ಟರು. ಅವನು ನಕ್ಕು ಸುಮ್ಮನಾದ. ಎಡಗೈಯನ್ನು ಯಂತ್ರದ ಮೈಗೆ ಊರಿ, ದಣಿದವನಂತೆ ನಿಲ್ಲುತ್ತಿದ್ದ.

ಆ ಬುಧವಾರ ಮುಖ್ಯಸ್ಥೆ ಬೆನ್ನ ಹಿಂದಿನಿಂದ ಮೂರು ಸಲ ಕರೆದರೂ ತಿರುಗಲಿಲ್ಲ.

"ಅಣ್ಣಾ, ನಿಮಗಿನ್ನು ಬ್ಲೇಡಿನ ಸದ್ದು ಕೇಳ್ಸಲ್ಲ. ಬೇರೆಯವರು ಕೊರೀಲಿ."

ಅವನು ಅವಳ ತುಟಿಗಳನ್ನೇ ನೋಡುತ್ತ, "ಹಿಡಿದಿರೋದೊಂದು ಮುಗಿಸಿಬಿಡ್ತೀನಮ್ಮ" ಎಂದ.

*

ಸಾವಿನ ಮನೆಯಲ್ಲಿ ಪಕ್ಕದ ಮನೆಯಾಕೆ ಯಾರಿಗೋ ಹೇಳುತ್ತಿದ್ದಳು: "ಬಾಗಿಲು ಬಡಿದೂ ಬಡಿದೂ ನಮ್ಮ ಕೈ ಸೋಲ್ತಿತ್ತು. ಪುಣ್ಯಾತ್ಮನಿಗೆ ಕೇಳಿಸಿದ್ರೆ ತಾನೇ?"

ಎಂದಿನಿಂದ ಹೀಗೆ ಎಂದು ಮುಖ್ಯಸ್ಥೆ ಮಗಳನ್ನು ಕೇಳಿದಳು.

"ನಾನು ಹುಟ್ಟೋಕೆ ಮುಂಚಿನಿಂದ್ಲೂ. ನಾನು ಅತ್ರೆ ಗೊತ್ತಾಗ್ಲಿ ಅಂತ ತೊಟ್ಟಿಲ ಮೇಲೆ ಕೈಯಿಟ್ಕೊಂಡೇ ಮಲಗ್ತಿದ್ರಂತೆ. ಅಲ್ಲಿ ಹೇಳಿರ್ಲಿಲ್ವಾ?"

ಮುಖ್ಯಸ್ಥೆ ಡಬ್ಬಿಯನ್ನು ಬಿಗಿಹಿಡಿದಳು. "ಕಿವಿ ಹೋಯ್ತು ಅಂತ ನಾನೇ ಅವರನ್ನ ಬಿಡಿಸ್ದೆ. ಇದೇ ಅವರ ಕೊನೇದು. ನಾನಿನ್ನೂ ನೋಡಿಲ್ಲ."

ಮಗಳು ಅಪ್ಪನ ಮುಖದತ್ತ ತಿರುಗಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು.

"ವ್ಯಾನು ಬರೋದ್ರೊಳಗೆ ನೋಡ್ಕೊಂಡು ಬರೋಣ."

ಪ್ರಯೋಗಾಲಯ ಎರಡು ಬೀದಿ ಆಚೆಗಿತ್ತು. ಮುಖ್ಯಸ್ಥೆ ಹರಳನ್ನು ಕೂರಿಸಿ, ಅದರೊಳಗೆ ಬೆಳಕು ಹಾಯಿಸಿ, ಕೋಣೆಯ ದೀಪ ಆರಿಸಿದಳು. ಸೂಕ್ಷ್ಮದರ್ಶಕದಲ್ಲಿ ಹರಳಿನ ಉದ್ದಕ್ಕೂ ಕತ್ತಲೆ, ಎಲ್ಲೂ ಗೆರೆಯಿಲ್ಲ. ಆಚೆ ತುದಿಯಲ್ಲಿ ಹಿಡಿದ ಬಿಳಿ ಕಾಗದದ ಮೇಲೆ ಎಳ್ಳಿನಷ್ಟು ಹಸಿರು, ಅಲುಗದೆ ನಿಂತಿತ್ತು.

"ಇಷ್ಟೇನಾ?" ಎಂದಳು ಮಗಳು.

"ಇಷ್ಟೇ" ಎಂದಳು ಮುಖ್ಯಸ್ಥೆ. "ಹೀಗೆ ಕೊರೆಯೋಕೆ ನನ್ನಿಂದ ಯಾವತ್ತೂ ಆಗಿಲ್ಲ."

ದೀಪ ಹಾಕಿದಾಗ ಕೊರೆಯುವ ಯಂತ್ರದ ಮೈ ಕಾಣಿಸಿತು. ಬೂದು ಬಣ್ಣ ಒಂದೇ ಕಡೆ ಸವೆದು ಲೋಹ ಹೊಳೆಯುತ್ತಿತ್ತು. ಯಾರೂ ಹೇಳದೆ ಮಗಳು ತನ್ನ ಎಡಗೈಯನ್ನು ಅಲ್ಲಿ ಊರಿದಳು. ಅವಳ ಐದೂ ಬೆರಳುಗಳ ಸುತ್ತ ಇನ್ನೂ ಒಂದಿಷ್ಟು ಹೊಳಪು ಉಳಿಯಿತು.